ಬುದ್ಧಿಭ್ರಮಣೆಯಲ್ಲಿ ಸೆರೆಗೆ ಬಿದ್ದವನ ವಿಷಯವಾದ ಪಾಠ

ಅಪರಾಧವು ಬೇರೆ, ರೋಗವು ಬೇರೆ. ಆದರೆ ಇವೆರಡೂ ಒಬ್ಬನೇ ಮನುಷ್ಯನಲ್ಲಿ ಕೂಡಿಬಂದಾಗ ಅವನನ್ನು ಯಾರ ಕೈಗೆ ಒಪ್ಪಿಸಬೇಕು? ಪೋಲೀಸಿನವರು ವೈದ್ಯರ ಕಡೆಗೆ ಕೈ ತೋರಿಸುತ್ತಾರೆ. ವೈದ್ಯರು ನ್ಯಾಯಸ್ಥಾನದ ಅಪ್ಪಣೆ ಬೇಕೆನ್ನುತ್ತಾರೆ. ನ್ಯಾಯಸ್ಥಾನವು ವೈದ್ಯರ ವರದಿ ಬರಲಿ ಎನ್ನುತ್ತದೆ. ಮನೆಯವರೋ ದಿಕ್ಕು ತೋಚದೆ ಊರಲ್ಲಿ ಕುಳಿತಿರುತ್ತಾರೆ. ಇಷ್ಟರಲ್ಲಿ ವರುಷಗಳು ಕಳೆದುಹೋಗುತ್ತವೆ. ಇಂಥವನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದೇನಂದರೆ, ಠಾಣೆಯಿಂದ ಹಿಡಿದು ಮನೆಯ ತನಕ ಅವನ ಕೈ ಬಿಡದೆ ಹಿಂಬಾಲಿಸುವ ಒಬ್ಬ ಮನುಷ್ಯನು. ಈ ತಿಂಗಳಿನ ಪಾಠವು ಇದನ್ನು ಕುರಿತದ್ದು.

ಹೀಗೆ ಹಿಂಬಾಲಿಸುವವರು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೃಷ್ಟಾಂತವುಂಟು. 1951ರಲ್ಲಿ ಅಸ್ಸಾಮ್ ಸೀಮೆಯ ಹಳ್ಳಿಯೊಂದರ ಯೌವನಸ್ಥನೊಬ್ಬನನ್ನು, ಯಾರನ್ನೋ ಗಾಯಪಡಿಸಿದನೆಂದು ಹಿಡಿದರು. ಅವನಿಗೆ ಬುದ್ಧಿ ಸರಿಯಿಲ್ಲವೆಂದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. 1967ರಲ್ಲಿ ಅವನು ಸ್ವಸ್ಥನಾಗಿದ್ದಾನೆಂದು ವೈದ್ಯರು ಬರೆದುಕೊಟ್ಟರು. ಆದರೂ ಅವನು ಬಿಡುಗಡೆಯಾಗಲಿಲ್ಲ. ಆಸ್ಪತ್ರೆಯಿಂದ ಸೆರೆಮನೆಗೆ ಸಾಗಿಸಲ್ಪಟ್ಟನು. ವಿಚಾರಣೆಯೂ ಇಲ್ಲ, ತೀರ್ಪೂ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದವರು ಕೈಹಾಕಿದ ಮೇಲೆ, 2005ರಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಅವನನ್ನು ಬಿಟ್ಟರು. ಅಷ್ಟರೊಳಗೆ 54 ವರುಷಗಳು ತುಂಬಿದ್ದವು. ಕೆಲವೇ ವರುಷಗಳಲ್ಲಿ ಅವನು ತೀರಿಹೋದನು. ವೈದ್ಯರು ಬರೆದುಕೊಟ್ಟ ಆ ಕಾಗದವನ್ನು ನ್ಯಾಯಾಧಿಪತಿಯ ಮುಂದೆ ಇಟ್ಟು, ಇವನ ಗತಿ ಏನು ಎಂದು ಕೇಳುವವನೊಬ್ಬನು ಇದ್ದಿದ್ದರೆ ಸಾಕಾಗಿತ್ತು.

ನಮ್ಮ ಸೀಮೆಯ ಮಾತಿಗೆ ಬರೋಣ. ಬಳಿಚಕ್ರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮಳೆ ಕೈಕೊಟ್ಟ ವರುಷ ಜನರು ಯಾದಗಿರಿಯಲ್ಲಿ ರೈಲು ಹತ್ತಿ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುವದು ಎಲ್ಲರೂ ಬಲ್ಲದ್ದೇ. ಹಾಗೆ ಹೋದ ಒಬ್ಬ ಯೌವನಸ್ಥನಿಗೆ ಕಟ್ಟಡದ ಕೆಲಸದಲ್ಲಿರುವಾಗ ರಾತ್ರಿ ನಿದ್ರೆ ತಪ್ಪಿತು, ಯಾರೂ ಇಲ್ಲದಲ್ಲಿ ಮಾತು ಕೇಳಿಸತೊಡಗಿತು, ಸಂಗಡಿಗರೇ ತನ್ನನ್ನು ಕೊಲ್ಲಲು ಹೊಂಚುತ್ತಾರೆಂಬ ಸಂಶಯ ಹತ್ತಿತು ಎಂದು ಇಟ್ಟುಕೊಳ್ಳಿರಿ. ಒಂದು ದಿನ ಅವನು ಸಲಿಕೆ ಎತ್ತಿ ಒಬ್ಬನನ್ನು ಹೊಡೆದನು. ಅವನ ಹೆಸರನ್ನಾಗಲಿ ಊರನ್ನಾಗಲಿ ಸರಿಯಾಗಿ ಹೇಳುವವರು ಅಲ್ಲಿ ಯಾರು? ಪರಪ್ಪನ ಅಗ್ರಹಾರದ ಸೆರೆಮನೆಯಲ್ಲಿ ಅವನು ಒಬ್ಬ ವಿಚಾರಣಾಧೀನ ಕೈದಿ, ಅಷ್ಟೇ. ಊರಲ್ಲಿ ತಾಯಿಯು ಮಗನಿಗೆ ಗಾಳಿ ಸೋಕಿದೆಯೆಂದು ಅಳುತ್ತಾಳೆ.

(ಬುದ್ಧಿ ಕೆಟ್ಟವರೆಲ್ಲರೂ ಹೊಡೆಯುವವರೆಂದು ಯಾರೂ ತಿಳಿಯಬಾರದು. ಅವರಲ್ಲಿ ಬಹು ಮಂದಿ ಯಾರಿಗೂ ಕೇಡು ಮಾಡುವವರಲ್ಲ. ಹುಡುಗರ ಕಲ್ಲಿಗೂ ಬೀದಿಯವರ ಪೆಟ್ಟಿಗೂ ಗುರಿಯಾಗುವವರು ಅವರೇ.)

ಇಂಥವನ ಸಂಗತಿಯಲ್ಲಿ ನ್ಯಾಯಶಾಸ್ತ್ರವು ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಜನರು ಇವೆರಡನ್ನು ಬೆರಸಿ ಗಲಿಬಿಲಿ ಮಾಡಿಕೊಳ್ಳುವದರಿಂದ ನಿಧಾನವಾಗಿ ಓದಿರಿ. ಕೃತ್ಯವು ನಡೆದ ಗಳಿಗೆಯಲ್ಲಿ, ತಾನು ಮಾಡುವದು ಎಂಥದು, ಅದು ತಪ್ಪೋ ಅಲ್ಲವೋ ಎಂದು ತಿಳಿಯಲಾರದಷ್ಟು ಅವನ ಬುದ್ಧಿ ಕೆಟ್ಟಿತ್ತೋ ಎಂಬುದು ಒಂದು. ಹಾಗಿದ್ದರೆ ಅದು ಅಪರಾಧವಲ್ಲವೆಂದು 1860ರ ದಂಡಸಂಹಿತೆಯ 84ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು ಅದನ್ನೇ ಹೇಳುತ್ತದೆ. ಆದರೆ ಇದನ್ನು ಸ್ಥಾಪಿಸುವ ಭಾರವು ಆರೋಪಿಯ ಮೇಲಿದೆ. ಕೇವಲ ರೋಗವಿತ್ತೆಂದು ಹೇಳಿದರೆ ಸಾಲದು. ಹಳೆಯ ಔಷಧದ ಚೀಟಿ, ಅವನ ನಡತೆಯನ್ನು ಕಣ್ಣಾರೆ ಕಂಡವರ ಸಾಕ್ಷಿ, ಇವೇ ಆಗ ಬೆಲೆಯುಳ್ಳವುಗಳು; ಇವು ದೊರೆಯುವದು ಊರಿನಲ್ಲಿ, ಬೆಂಗಳೂರಿನಲ್ಲಲ್ಲ.

ಈಗ ವಿಚಾರಣೆಯ ಹೊತ್ತಿನಲ್ಲಿ ತನ್ನ ಪರವಾಗಿ ಉತ್ತರ ಹೇಳಿಕೊಳ್ಳುವಷ್ಟು ಅವನಿಗೆ ಬುದ್ಧಿಯುಂಟೋ ಎಂಬುದು ಇನ್ನೊಂದು ಪ್ರಶ್ನೆ. ಇಲ್ಲವೆಂದು ತೋರಿದರೆ ಮ್ಯಾಜಿಸ್ಟ್ರೇಟರು ವೈದ್ಯರಿಂದ ಪರೀಕ್ಷೆ ಮಾಡಿಸಿ ವಿಚಾರಣೆಯನ್ನು ಮುಂದಕ್ಕೆ ಹಾಕಬೇಕು. ಮುಂದಕ್ಕೆ ಹಾಕಿದ ಮೇಲೆಯೇ ಅಪಾಯವು ಬಾಗಲಲ್ಲಿ ನಿಂತಿರುತ್ತದೆ. ಅಸ್ಸಾಮಿನವನು ಮರೆತುಹೋದದ್ದು ಇಂಥ ಕಡೆಯಲ್ಲಿಯೇ. ಆದರೆ ಇದೇ ಸ್ಥಳದಲ್ಲಿ ಶಾಸನವು ಒಂದು ಬಾಗಲನ್ನು ತೆರೆದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 369ನೆಯ ಕಲಮಿನ ಪ್ರಕಾರ, ಅಪರಾಧವು ಜಾಮೀನಿಗೆ ತಕ್ಕದ್ದಾಗಿರಲಿ ಅಲ್ಲದಿರಲಿ, ರೋಗಿಯು ಆಸ್ಪತ್ರೆಯೊಳಗೇ ಇರುವ ಅವಶ್ಯವಿಲ್ಲದಿದ್ದರೆ, ಅವನನ್ನು ಜಾಮೀನಿನ ಮೇಲೆ ಬಿಡಲಾಗುತ್ತದೆ. ಆದರೆ ಒಂದು ನಿಬಂಧನೆಯುಂಟು. ಅವನನ್ನು ಹತ್ತಿರದ ಆಸ್ಪತ್ರೆಗೆ ಕ್ರಮವಾಗಿ ಕರೆದೊಯ್ದು ಔಷಧ ಕೊಡಿಸುತ್ತೇನೆ, ಅವನು ತನಗಾಗಲಿ ಇತರರಿಗಾಗಲಿ ಕೇಡು ಮಾಡದಂತೆ ನೋಡಿಕೊಳ್ಳುತ್ತೇನೆ ಎಂದು ಬಂಧುವಾಗಲಿ ಸ್ನೇಹಿತನಾಗಲಿ ಒಪ್ಪಿಕೊಳ್ಳಬೇಕು. ಸ್ನೇಹಿತನಾಗಲಿ ಎಂಬ ಮಾತನ್ನು ವಾಚಕರು ಗುರುತು ಹಾಕಿಕೊಳ್ಳಬೇಕು. ಅಕ್ಷರ ಬಾರದ ತಾಯಿಯು ನ್ಯಾಯಸ್ಥಾನದ ಮೆಟ್ಟಲು ಹತ್ತಲು ಅಂಜಿದರೆ, ಸಭೆಯ ಹಿರಿಯರೊಬ್ಬರು ಅವಳ ಸಂಗಡ ಹೋಗಿ ನಿಲ್ಲಬಹುದು. ದಾರಿಯಲ್ಲಿ ಬಿದ್ದವನಿಗೆ ಸಮಾರ್ಯದವನು ಗಾಯ ಕಟ್ಟಿದ್ದನ್ನೇ ನಾವು ಹೆಚ್ಚಾಗಿ ನೆನಸುತ್ತೇವೆ. ಛತ್ರದವನಿಗೆ ಹಣ ಕೊಟ್ಟು ತಿರುಗಿ ಬರುವೆನೆಂದು ಹೇಳಿದ್ದನ್ನು ಅಷ್ಟಾಗಿ ನೆನಸುವದಿಲ್ಲ.

ಅಮೆರಿಕದ ಮಯಾಮಿ ಪಟ್ಟಣದ ನ್ಯಾಯಸ್ಥಾನವು 2000ದಿಂದ ಈ ಕೆಲಸಕ್ಕಾಗಿಯೇ ಜನರನ್ನಿಟ್ಟಿದೆ. ಅವರನ್ನು ಕೇಸ್ ಮ್ಯಾನೇಜರ್ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅಂಥ ಉದ್ಯೋಗಸ್ಥರಿಲ್ಲ. ಆದಕಾರಣ ಆ ಕೆಲಸವು ಹೇಗೆ ಸಾಗುತ್ತದೆಂದು ನಾವೇ ಕಲಿಯತಕ್ಕದ್ದು.

ಠಾಣೆಯಲ್ಲಿ ಮಾಡತಕ್ಕದ್ದು ಸ್ವಲ್ಪ, ಆದರೆ ತ್ವರೆಯಾಗಿ ಮಾಡಬೇಕು. ಅಪರಾಧವೇನೂ ಇಲ್ಲದೆ ದಿಕ್ಕುಗೆಟ್ಟು ಅಲೆಯುವ ರೋಗಿಯನ್ನು ಪೋಲೀಸಿನವರು ಹಿಡಿದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 100ನೆಯ ಕಲಮಿನಂತೆ 24 ತಾಸಿನೊಳಗೆ ಸರಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಕೂಡದು. ಪೂರ್ವದಲ್ಲಿ ಇಂಥವರನ್ನು ಸೆರೆಮನೆಯಲ್ಲಿಯೇ ಇಡುತ್ತಿದ್ದರು; ಅದು ಶಾಸನವಿರುದ್ಧವೆಂದು ಸುಪ್ರೀಂ ಕೋರ್ಟು 1993ರಲ್ಲಿ ತೀರ್ಪು ಕೊಟ್ಟಿತು. ಇನ್ನೊಂದು ಎಚ್ಚರಿಕೆ. ದಿನಾಲು ಸೇಂದಿ ಸಾರಾಯಿ ಕುಡಿಯುವವನನ್ನು ಹಿಡಿದು ಕೂಡಿಸಿದರೆ, ಎರಡು ಮೂರು ದಿವಸಗಳಲ್ಲಿ ಅವನಿಗೆ ನಡುಕ ಹುಟ್ಟಿ, ಇಲ್ಲದ್ದು ಕಣ್ಣಿಗೆ ಕಂಡು, ಬಾಯಿಗೆ ಬಂದಂತೆ ಬಡಬಡಿಸುವದುಂಟು. ನಾಟಕ ಮಾಡುತ್ತಾನೆಂದು ಹೊಡೆಯುವವರಿದ್ದಾರೆ. ಅದು ಕುಡಿತವು ಥಟ್ಟನೆ ನಿಂತದ್ದರಿಂದಾದ ರೋಗವು. ಔಷಧವಿಲ್ಲದಿದ್ದರೆ ಪ್ರಾಣಕ್ಕೇ ಅಪಾಯವು. ಅವನು ಎಷ್ಟು ಕುಡಿಯುತ್ತಿದ್ದನೆಂದು ನಾಚಿಕೆಪಡದೆ ಮೊದಲ ದಿನವೇ ಠಾಣೆಯಲ್ಲಿ ಹೇಳುವದು ಮನೆಯವರ ಕರ್ತವ್ಯವಾಗಿದೆ.

ವಕೀಲರ ಚಿಂತೆ ಬೇಡ. ಬಂಧನದಲ್ಲಿರುವವನಿಗೆ, ಅವನ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯಿದೆಯಂತೆ ಪುಕ್ಕಟೆ ವಕೀಲರು ದೊರೆಯುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಫೋನಿನ ಸಂಖ್ಯೆ 15100.

ಸೆರೆಮನೆಯೊಳಗಿನ ಸ್ಥಿತಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪರಪ್ಪನ ಅಗ್ರಹಾರದಲ್ಲಿಯೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ವಿಚಾರಿಸಲಾಗಿ, ನೂರರಲ್ಲಿ ಸುಮಾರು 80 ಮಂದಿಗೆ ಮನೋರೋಗವೋ ಮದ್ಯ ತಂಬಾಕು ಮೊದಲಾದವುಗಳ ಚಟವೋ ಇತ್ತು; ಚಟವನ್ನು ಲೆಕ್ಕದಿಂದ ತೆಗೆದರೂ ನೂರರಲ್ಲಿ 27 ಮಂದಿಗಿಂತ ಹೆಚ್ಚು ರೋಗಿಗಳು ಉಳಿದರು. ಅಷ್ಟು ಜನರ ನಡುವೆ, ಮೂಲೆಯಲ್ಲಿ ಮೌನವಾಗಿ ಕುಳಿತ ನಮ್ಮ ಯೌವನಸ್ಥನು ವೈದ್ಯರ ಕಣ್ಣಿಗೆ ಬೀಳುವನೆಂದು ಏನು ಭರವಸೆ? ಗದ್ದಲ ಮಾಡುವವನನ್ನು ಎಲ್ಲರೂ ನೋಡುತ್ತಾರೆ. ಊಟ ಬಿಟ್ಟು ಗೋಡೆಗೆ ಮುಖಮಾಡಿದವನನ್ನು ಯಾರೂ ನೋಡುವದಿಲ್ಲ. ಆದುದರಿಂದ ಭೇಟಿಗೆ ಹೋದವರು ಅವನಿಗೆ ಮುಂಚೆ ಇದ್ದ ರೋಗವನ್ನೂ ಔಷಧದ ಹೆಸರನ್ನೂ ಬರೆದು, ಸೆರೆಮನೆಯ ವೈದ್ಯಾಧಿಕಾರಿಗೆ ಮುಟ್ಟಿಸಿ, ನಕಲನ್ನು ವಕೀಲರಿಗೆ ಕೊಡಬೇಕು. ರೋಗವು ಬಲವಾಗಿದ್ದರೆ ಅವನನ್ನು ಸೆರೆಮನೆಯ ಮಾನಸಿಕ ವಾರ್ಡಿಗೋ, ಅಲ್ಲಿ ಅದಿಲ್ಲದಿದ್ದರೆ ಮಂಡಳಿಯ ಅನುಮತಿಯಿಂದ ಹೊರಗಣ ಆಸ್ಪತ್ರೆಗೋ ಸಾಗಿಸಬಹುದೆಂದು ಅದೇ 2017ರ ಕಾಯಿದೆಯ 103ನೆಯ ಕಲಮಿನಲ್ಲಿದೆ.

ಬಿಡುಗಡೆಯ ದಿನವನ್ನು ಜನರು ಕಡೆಯ ದಿನವೆಂದು ಎಣಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಕಠಿಣವಾದ ಕೆಲಸವು ಅಂದೇ ಆರಂಭವಾಗುತ್ತದೆ. ಹೊರಗೆ ಬರುವವನ ಕೈಯಲ್ಲಿ ಕೆಲವು ದಿನಗಳ ಮಾತ್ರೆ ಇರುತ್ತದೆ, ಅಥವಾ ಅದೂ ಇರುವದಿಲ್ಲ. ಮಾತ್ರೆ ತೀರಿದ ಮೇಲೆ ಕೆಲವು ವಾರ ಅವನು ಚೆನ್ನಾಗಿಯೇ ಕಾಣುವನು, ಮನೆಯವರು ಗುಣವಾಯಿತೆನ್ನುವರು, ಆಮೇಲೆ ನಿದ್ರೆ ಕೆಡುವದು, ಸಂಶಯ ಮರಳುವದು, ಅವನು ತಿರುಗಿ ಠಾಣೆಗೆ ಬೀಳುವನು. ನಿದ್ರೆ ಕೆಟ್ಟ ಮೊದಲನೆಯ ರಾತ್ರಿಯೇ ಎಚ್ಚರವಾಗಬೇಕು. ಮಾತ್ರೆ ನುಂಗಲೊಲ್ಲದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಚುಚ್ಚುವ ಸೂಜಿಮದ್ದೂ ಉಂಟು, ವೈದ್ಯರನ್ನು ಕೇಳಬೇಕು. ಪ್ರಾರ್ಥನೆ ಮಾಡುವವನು ಮಾತ್ರೆ ನಿಲ್ಲಿಸಬೇಕೆಂದು ಎಲ್ಲಿಯೂ ಇಲ್ಲ. ಅವನನ್ನು ಅಂಕೆಯಲ್ಲಿಡುವೆವೆಂದು ಕಂಬಕ್ಕೆ ಸರಪಳಿ ಹಾಕುವವರು, ಅದೇ ಕಾಯಿದೆಯ 95ನೆಯ ಕಲಮು ಯಾವ ವಿಧವಾದ ಸರಪಳಿಯನ್ನೂ ನಿಷೇಧಿಸಿದೆಯೆಂದು ತಿಳಿಯಲಿ.

ಇದಕ್ಕಾಗಿ ತಿರುಗಿ ಬೆಂಗಳೂರಿಗೆ ಓಡಬೇಕಾಗಿಲ್ಲ. 1985ರಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ, ಸಾಧಾರಣ ಆರೋಗ್ಯ ಕೇಂದ್ರದ ವೈದ್ಯರಿಗೇ ಸ್ವಲ್ಪ ಕಾಲ ಶಿಕ್ಷಣ ಕೊಟ್ಟು ಮನೋರೋಗಿಗಳಿಗೆ ಊರ ಹತ್ತಿರವೇ ಔಷಧ ದೊರೆಯುವಂತೆ ಮಾಡಿ ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದವರನ್ನು ವಿಚಾರಿಸಬೇಕು. ರಾತ್ರಿಯಲ್ಲಿ ತೊಡಕಾದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅದು 2022ರಿಂದ ನಡೆಯುತ್ತಿದೆ.

ಪೆಟ್ಟು ತಿಂದವನನ್ನು ಮರೆತು ಹೊಡೆದವನಿಗೆ ಮಾತ್ರ ಕನಿಕರಪಟ್ಟರೆ ಊರು ಒಪ್ಪುವದಿಲ್ಲ, ಒಪ್ಪಬೇಕಾದದ್ದೂ ಇಲ್ಲ. ಅವನು ನೆರೆಯವನಾಗಿದ್ದರೆ, ರೋಗಿಯು ಊರಿಗೆ ಬರುವ ಮುಂಚೆಯೇ ಅವನ ಮನೆಗೆ ಹೋಗಿ, ಗಾಯದ ಸಂಗತಿಯನ್ನು ಕೇಳಿ, ಈತನು ಔಷಧದಲ್ಲಿದ್ದಾನೆ, ನೋಡಿಕೊಳ್ಳುವವರು ಇಂಥವರು ಎಂದು ಮುಖಾಮುಖಿಯಾಗಿ ಹೇಳಬೇಕು. ಮೊಕದ್ದಮೆಯ ಸಾಕ್ಷಿಯ ಮಾತನ್ನು ಮಾತ್ರ ಅಲ್ಲಿ ಎತ್ತಕೂಡದು.

ಈ ಕೆಲಸಕ್ಕೆ ಒಪ್ಪಿಕೊಂಡವರು ಒಂದು ಬಟ್ಟೆಯ ಚೀಲವನ್ನು ಇಟ್ಟುಕೊಳ್ಳಲಿ. ಅದರಲ್ಲಿ ಎಫ್‌ಐಆರಿನ ನಕಲು, ಆಧಾರ್ ಚೀಟಿ, ವೈದ್ಯರ ಎಲ್ಲಾ ಚೀಟಿಗಳು, ಜಾಮೀನಿನ ಹುಕುಮು, ವಕೀಲರ ಫೋನು ಸಂಖ್ಯೆ ಇರಬೇಕು. ಮೇಲೆ ಒಂದು ಸಣ್ಣ ಪುಸ್ತಕ. ಅದರ ಒಂದು ಬದಿಗೆ ಮುಂದಿನ ಔಷಧದ ದಿನ, ಇನ್ನೊಂದು ಬದಿಗೆ ನ್ಯಾಯಸ್ಥಾನದ ಮುಂದಿನ ತಾರೀಖು. ಎರಡನೆಯವರೊಬ್ಬರಿಗೂ ಆ ಚೀಲವಿರುವ ಸ್ಥಳವು ತಿಳಿದಿರಲಿ. ಮೊದಲನೆಯವರು ಗುಳೆ ಹೋದಾಗ ಅದು ಅಟ್ಟದ ಮೇಲೆ ಉಳಿಯಬಾರದು.