ಮಳೆಯ ಲೆಕ್ಕ



ನಮ್ಮೂರು ಧಾರವಾಡದ ಕಡೆ. ಅಲ್ಲಿ ನಮ್ಮ ಅವ್ವಂದಿರಿಗೆ ಓದು ಬರ್ತಿರಲಿಲ್ಲ. ಆದರೆ ಮಳೆಗಳ ಹೆಸರು ಬಾಯಲ್ಲೇ ಇದ್ದವು. ರೋಹಿಣಿ, ಮೃಗಶಿರ, ಆರಿದ್ರ ಅಂತ ಎಣಿಸ್ತಿದ್ದರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತಿದ್ದರು.

ವರ್ಷಕ್ಕೆ 27 ನಕ್ಷತ್ರ. ಒಂದೊಂದಕ್ಕೆ 13 ಅಥವಾ 14 ದಿನ. ಮೇ ಕೊನೆಗೆ ರೋಹಿಣಿ ಕೂಡುತ್ತದೆ. ಜೂನ್ 8ರ ಸುಮಾರಿಗೆ ಮೃಗಶಿರ.

ಮಳೆಯ ಜತೆಗೆ ಹಬ್ಬ. ಕಾರ ಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ. ಪಂಚಮಿಗೆ ಅಣ್ಣ ಕರೆಯಲು ಬರ್ತಾನೆ. ತವರಿನಲ್ಲಿ ಜೋಕಾಲಿ, ಶೇಂಗಾ ಉಂಡೆ. ಚಳಿಗಾಲಕ್ಕೆ ಎಳ್ಳಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣೋದು. ಆಮೇಲೆ ಸೀತನಿ. ಎಳೆ ಜೋಳದ ತೆನೆ ಸುಟ್ಟು ಬಿಸಿಬಿಸಿ ತಿನ್ನೋದು. ಇವು ದುಡ್ಡಿಲ್ಲದ ಸುಖ.

ಆದರೆ ಮಳೆ ಹೇಳಿದ ದಿನಕ್ಕೇ ಬರೋದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಿತು. ನಮ್ಮ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ ಅಂತ ಸರ್ಕಾರ ಸಾರಿತು. ಮೊದಲ ಹನಿ ನಂಬಿ ಬಿತ್ತಿದರೆ ಬೀಜ ಒಣಗುತ್ತದೆ. ಬೀಜ ತಂದದ್ದು ಸಾಲದ ದುಡ್ಡಿನಲ್ಲಿ. ಸಾಲ ತೀರಿಸಲು ಗುಳೆ ಹೋಗಬೇಕು. ಆಗ ಪಂಚಮಿಗೆ ಕರೆಯುವವರು ಯಾರು? ತವರಿಗೇ ಬೀಗ.

ಈಗ ನಮಗೆ ಅಕ್ಷರ ಬಂದಿದೆ. ಮಳೆ ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕೋಣ. ಹೊಲದ ಮಣ್ಣು ಕೆದರಿ ನೋಡೋಣ. ಎಷ್ಟು ಬೆರಳು ಹಸಿ ಆಗಿದೆ? ಅದನ್ನೂ ಬರೆಯೋಣ. ಮನೆಯಲ್ಲಿ ಬಿತ್ತುವ ಮಾತು ಬಂದಾಗ ಈ ಲೆಕ್ಕ ತೋರಿಸೋಣ. ಅವ್ವಂದಿರ ಬಾಯಿಲೆಕ್ಕ ನಮ್ಮ ಕೈಯಲ್ಲಿ ಬರಹವಾಗಲಿ.

ನೀವೇ ಬರೆಯಿರಿ:
1. ನಿಮ್ಮ ತವರೂರು ಯಾವುದು?
2. ಈ ವರ್ಷ ಮೊದಲ ಮಳೆ ಯಾವ ದಿನ ಬಂತು?
3. ನಿಮಗೆ ಗೊತ್ತಿರುವ ಐದು ಮಳೆಗಳ ಹೆಸರು.