ಗದ್ದಲ ಮತ್ತು ಉಗ್ಗು



ಮಾತಾಡುವಾಗ ನನಗೆ ಉಗ್ಗು ಬರುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಗದ್ದಲ ಇದ್ದಾಗ ಅದು ಏನಾಗುತ್ತದೆ ಎಂಬುದನ್ನು ಈ ಸಲದ ಗೋಡೆ ಪತ್ರಿಕೆಯಲ್ಲಿ ಬರೆದಿದ್ದೇನೆ.

ಉಗ್ಗು ಎಂದರೇನು? ಹೇಳಬೇಕಾದ್ದು ಮನಸ್ಸಿನಲ್ಲಿ ಸ್ಪಷ್ಟವಾಗಿರುತ್ತದೆ. ಆದರೆ ಮೊದಲ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಇಲ್ಲವೇ ಎಳೆಯುತ್ತದೆ, ಇಲ್ಲವೇ ಗಂಟಲಲ್ಲೇ ನಿಂತುಬಿಡುತ್ತದೆ. ದೊಡ್ಡವರಲ್ಲಿ 100 ಜನಕ್ಕೆ ಸುಮಾರು ಒಬ್ಬರಿಗೆ ಹೀಗಿರುತ್ತದೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು. ಅವರಲ್ಲಿ ಬಹಳ ಮಂದಿಗೆ ತಾನಾಗಿಯೇ ಹೋಗುತ್ತದೆ. ಇದು ದಡ್ಡತನವಲ್ಲ. ನಾಲಿಗೆಗೆ ಬಜೆ ತಿಕ್ಕಿದರೆ ಹೋಗುತ್ತದೆ ಅನ್ನುವವರಿದ್ದಾರೆ. ಆದರೆ ಇದು ನಾಲಿಗೆಯ ದೋಷವಲ್ಲ, ಮಾತನ್ನು ನಡೆಸುವ ಮಿದುಳಿನ ಕೆಲಸದಲ್ಲಿರುವ ವ್ಯತ್ಯಾಸ.

ಈಗ ಗದ್ದಲದ ವಿಷಯ. ನಾವು ಮಾತಾಡುವಾಗ ನಮ್ಮ ದನಿಯನ್ನು ನಮ್ಮ ಕಿವಿಯೂ ಕೇಳುತ್ತಿರುತ್ತದೆ. ಸುತ್ತ ಸದ್ದು ಹೆಚ್ಚಾದರೆ ದನಿ ತಾನಾಗಿಯೇ ಏರುತ್ತದೆ. ಹಿಟ್ಟಿನ ಗಿರಣಿಯಲ್ಲಿ ಎಲ್ಲರೂ ಕೂಗಿ ಮಾತಾಡುವುದು ಇದಕ್ಕೇ. ಇದನ್ನು 1911ರಲ್ಲಿ ಫ್ರಾನ್ಸಿನ ಲೊಂಬಾರ್ ಎಂಬ ವೈದ್ಯರು ತೋರಿಸಿಕೊಟ್ಟರು.

ಇನ್ನೊಂದು ಆಶ್ಚರ್ಯ ಕೇಳಿ. ಜೋರು ಸದ್ದಿನಿಂದ ತಮ್ಮ ದನಿ ತಮಗೇ ಕೇಳದಂತಾದರೆ, ಉಗ್ಗುವ ಅನೇಕರ ಮಾತು ಸರಾಗವಾಗುತ್ತದೆ! 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇದಕ್ಕೆಂದೇ ಒಂದು ಯಂತ್ರ ಮಾಡಿದ್ದರು. ಗಂಟಲಿನಿಂದ ದನಿ ಹೊರಟ ಕೂಡಲೇ ಅದು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಆದರೆ ಎಲ್ಲರಿಗೂ ಅದರಿಂದ ಗುಣವಾಗಲಿಲ್ಲ. ಸದಾ ಜೋರು ಸದ್ದು ಕೇಳಿದರೆ ಕಿವಿಗೂ ಕೆಡುಕು. ಎಲ್ಲರೊಡನೆ ಸೇರಿ ಹಾಡುವಾಗ, ಓದುವಾಗಲೂ ಉಗ್ಗು ಕಡಿಮೆ. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಎಲ್ಲೂ ನಿಲ್ಲದೆ ಹೇಳುವುದನ್ನು ನೀವೇ ನೋಡಿದ್ದೀರಿ.

ಹಾಗಾದರೆ ಬಸ್ ಸ್ಟ್ಯಾಂಡಿನಲ್ಲಿ ನನಗೆ ಯಾಕೆ ಕಷ್ಟ? ಅಲ್ಲಿ ನನ್ನ ದನಿ ನನಗೆ ಕೇಳುತ್ತದೆ, ಎದುರಿನವರಿಗೆ ಕೇಳುವುದಿಲ್ಲ. "ಏನು? ಯಾವೂರು? ಜೋರಾಗಿ ಹೇಳೋ, ಬೇಗ ಹೇಳೋ" ಅಂತಾರೆ. ಅಷ್ಟು ಕಷ್ಟಪಟ್ಟು ಹೊರಬಂದ ಮಾತನ್ನೇ ಮತ್ತೆ ಹೇಳಬೇಕು. ಬೇರೆ ಶಬ್ದ ಹಾಕಿ ತಪ್ಪಿಸಿಕೊಳ್ಳೋಣ ಅಂದರೆ ಊರ ಹೆಸರಿಗೆ ಬದಲಿ ಶಬ್ದ ಎಲ್ಲಿದೆ? ಹಿಂದಿನವರು ನೂಕುತ್ತಾರೆ. ಅವಸರ ಹೆಚ್ಚಿದಷ್ಟೂ ಗಂಟಲು ಬಿಗಿಯುತ್ತದೆ. ತರಗತಿಯ ಗಲಾಟೆಯಲ್ಲಿ ಹಾಜರಿ ಹೇಳುವಾಗಲೂ ಹೀಗೇ.

ಇದರಿಂದ ತಿಳಿಯುವುದೇನು? ನನಗೆ ತೊಂದರೆ ಕೊಡುವುದು ಬರೀ ಸದ್ದಲ್ಲ. ಸದ್ದಿನ ಜೊತೆ ಬರುವ ಅವಸರ ಮತ್ತು "ಮತ್ತೆ ಹೇಳು" ಎಂಬ ಮಾತು. ಊರಿನ ಸದ್ದನ್ನು ನಾವು ನಿಲ್ಲಿಸಲಾರೆವು. ಆದರೆ ಇಷ್ಟು ಮಾಡಬಹುದು:

1. ಗದ್ದಲವಿದ್ದರೆ ದೂರದಿಂದ ಕೂಗಬೇಡಿ, ಹತ್ತಿರ ಬಂದು ಕೇಳಿ.
2. ಮಾತು ಮುಗಿಯುವ ತನಕ ಕಾಯಿರಿ. ನೀವೇ ಪೂರ್ತಿ ಮಾಡಬೇಡಿ.
3. ಅರ್ಧ ಕೇಳಿಸಿದ್ದರೆ ಅಷ್ಟನ್ನು ನೀವು ಹೇಳಿ, ಉಳಿದದ್ದನ್ನು ಮಾತ್ರ ಕೇಳಿ.
4. ಹಾಜರಿಗೆ ಕೈ ಎತ್ತಿದರೂ ಸಾಕು ಎಂದು ಗುರುಗಳು ಒಪ್ಪಿದರೆ ದೊಡ್ಡ ಉಪಕಾರ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಉಗ್ಗುವವರಿಗೆ ತರಬೇತಿ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಚಿಕ್ಕ ತಮ್ಮನೋ ತಂಗಿಯೋ ಉಗ್ಗುತ್ತಿದ್ದರೆ ನಗಬೇಡಿ, ಗದರಬೇಡಿ. ರೇಡಿಯೋ, ಟಿ.ವಿ. ಸ್ವಲ್ಪ ಸಣ್ಣಗೆ ಮಾಡಿ ಪಕ್ಕದಲ್ಲಿ ಕೂತು ಕೇಳಿ. ಏನು ಹೇಳಬೇಕು ಅಂತ ಆ ಮಗುವಿಗೆ ಗೊತ್ತಿರುತ್ತದೆ.