ಥಿನ್ನರ್ ಡ್ರಮ್ಮಿನಲ್ಲಿ ಬೆಂಜೀನ್ ಸಿಕ್ಕರೆ ವರದಿ ಬರೆಯುವುದು ಹೇಗೆ?

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿಯಿರಲಿ, ನೆಲಮಂಗಲದ ದಾಬಸ್‌ಪೇಟೆಯಿರಲಿ, ಹೊಸಕೋಟೆಯ ಪಿಲ್ಲಗುಂಪೆಯಿರಲಿ, ಪೇಂಟ್ ಹೊಡೆಯುವ ಶೆಡ್ಡಿದ್ದ ಕಡೆ ಥಿನ್ನರ್ ಡ್ರಮ್ಮು ಇದ್ದೇ ಇರುತ್ತದೆ. ಥಿನ್ನರಿಗೆ ಬಳಸುವ ಟೊಲುಯಿನ್ ಸರಿಯಾಗಿ ಶುದ್ಧಿಯಾಗದಿದ್ದರೆ ಅದರೊಳಗೆ ಬೆಂಜೀನ್ ಉಳಿದುಕೊಳ್ಳುತ್ತದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆಂಬುದು ಹಳೆಯ ವಿಷಯ. ಆದರೂ ಲ್ಯಾಬ್ ವರದಿಯಲ್ಲಿ ‘ಬೆಂಜೀನ್ ಶೇ 0.1’ ಎಂಬ ಸಾಲು ಕಂಡರೆ ‘ಇಷ್ಟೇ ತಾನೆ’ ಎಂದು ಫೈಲಿಗೆ ಸೇರಿಸುವವರೇ ಹೆಚ್ಚು.

ಇಷ್ಟೇ ಅಲ್ಲ. 200 ಲೀಟರ್ ಡ್ರಮ್ಮಿನಲ್ಲಿ ಶೇ 0.1 ಎಂದರೆ ಒಂದು ಲೋಟದಷ್ಟು ಬೆಂಜೀನ್. ಟೊಲುಯಿನ್ ಕುದಿಯುವುದು 110 ಡಿಗ್ರಿಗೆ, ಬೆಂಜೀನ್ 80ಕ್ಕೇ. ಹಾಗಾಗಿ ದ್ರವದಲ್ಲಿ ಅದರ ಪಾಲು ಎಷ್ಟಿದೆಯೋ ಆವಿಯಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಲೆಕ್ಕ ಹಾಕಿದರೆ, 25 ಡಿಗ್ರಿ ಬಿಸಿಯಲ್ಲಿ ಮುಚ್ಚಿದ ಡ್ರಮ್ಮಿನ ಮೇಲ್ಭಾಗದ ಗಾಳಿಯಲ್ಲಿ ಬೆಂಜೀನ್ 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ದಾಟುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಓಶಾ ಎಂಟು ಗಂಟೆಯ ಕೆಲಸಕ್ಕೆ ಹಾಕಿರುವ ಮಿತಿ 1 ಪಿಪಿಎಂ. ಮುಚ್ಚಳ ತೆಗೆದು ‘ಎಷ್ಟು ಉಳಿದಿದೆ’ ಎಂದು ಬಗ್ಗಿ ನೋಡುವವರ ಮೂಗು ಇರುವುದು ಸರಿಯಾಗಿ ಅಲ್ಲೇ. ಟೊಲುಯಿನ್ ವಾಸನೆಯ ನಡುವೆ ಬೆಂಜೀನ್ ಇದೆಯೆಂದು ಅವರಿಗೆ ತಿಳಿಯುವುದೂ ಇಲ್ಲ.

ವರದಿಯ ಮೊದಲ ಪುಟದಲ್ಲಿ ವಸ್ತುವಿನ ಗುರುತು ಇರಬೇಕು: ಹೆಸರು, ಸಿಎಎಸ್ ಸಂಖ್ಯೆ (ಬೆಂಜೀನಿಗೆ 71-43-2), ಬ್ಯಾಚ್ ನಂಬರ್, ಸ್ಯಾಂಪಲ್ ತೆಗೆದ ದಿನ, ತೆಗೆದವರು, ಪರೀಕ್ಷೆಯ ವಿಧಾನ. ಬ್ಯಾಚ್ ನಂಬರ್ ಇಲ್ಲದ ವರದಿಯನ್ನು ಪೂರೈಕೆದಾರರು ‘ಅದು ನಮ್ಮದಲ್ಲ’ ಎಂದು ವಾಪಸ್ ಕಳಿಸುತ್ತಾರೆ.

ಆಮೇಲೆ ಗಾಳಿಯ ಅಳತೆ. ಗೋಡೆಗೆ ನೇತುಹಾಕಿದ ಉಪಕರಣದ ಅಂಕಿ ಸಾಲದು. ಕೆಲಸಗಾರರ ಕಾಲರಿಗೆ ಸಿಕ್ಕಿಸಿದ ಸ್ಯಾಂಪ್ಲರಿನದು ಬೇಕು, ಎಷ್ಟು ಗಂಟೆಯದು ಎಂಬುದೂ ಬೇಕು. ಎಡವುವುದು ಇಲ್ಲೇ: ಕೆಲವು ಲ್ಯಾಬುಗಳು ಪಿಪಿಎಂನಲ್ಲಿ ಕೊಡುತ್ತವೆ, ಕೆಲವು ಘನ ಮೀಟರಿಗೆ ಮಿಲಿಗ್ರಾಂನಲ್ಲಿ. ಬೆಂಜೀನಿನ ಅಣುತೂಕ 78.11ನ್ನು 24.45ರಿಂದ (25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ ತುಂಬುವ ಲೀಟರ್) ಭಾಗಿಸಿದರೆ 3.19. ಅಂದರೆ 1 ಪಿಪಿಎಂ ಎಂದರೆ ಘನ ಮೀಟರಿಗೆ 3.19 ಮಿಲಿಗ್ರಾಂ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಿದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ.

ಪ್ರಾಣಿಗಳ ಮೇಲಿನ ಉಸಿರಾಟದ ಪರೀಕ್ಷೆಯ ಫಲಿತಾಂಶವಿದ್ದರೆ ಅದು ಒಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಯಾವ ಪರೀಕ್ಷಾ ಮಾರ್ಗಸೂಚಿಯದ್ದೆಂದು ಬರೆಯಬೇಕು: 403 ಅಲ್ಪಾವಧಿಯದು, 412 ಎಂದರೆ 28 ದಿನ, 413 ಎಂದರೆ 90 ದಿನ. ಪರೀಕ್ಷಿಸಿದ್ದು ಶುದ್ಧ ಟೊಲುಯಿನ್ನೋ, ಕಲ್ಮಶ ಸೇರಿದ ಮಾರುಕಟ್ಟೆಯ ಮಾಲೋ? ಇದನ್ನು ಬರೆಯದಿದ್ದರೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ. ಸತ್ತ ಇಲಿಗಳ ಲೆಕ್ಕದ ಜೊತೆಗೆ ಬದುಕಿದವುಗಳ ತೂಕ, ಉಸಿರಾಟ, ರಕ್ತಕಣಗಳ ಬದಲಾವಣೆಯೂ ಬರಬೇಕು.

ಇನ್ನು ಯಾರಿಗೆ ಕಳಿಸುವುದು? ಮೊದಲ ಪ್ರತಿ ಪೂರೈಕೆದಾರರಿಗೆ. ರಾಸಾಯನಿಕಗಳ ಅಪಾಯ ವರ್ಗೀಕರಣದ ಅಂತರರಾಷ್ಟ್ರೀಯ ಪದ್ಧತಿಯಾದ ಜಿಎಚ್ಎಸ್ ಪ್ರಕಾರ ಕ್ಯಾನ್ಸರ್‌ಕಾರಕ ಕಲ್ಮಶ ಶೇ 0.1 ಮುಟ್ಟಿದರೂ ಅದನ್ನು ಸುರಕ್ಷತಾ ಮಾಹಿತಿ ಪತ್ರದಲ್ಲಿ ತೋರಿಸಬೇಕು. ಅಪಾಯಕಾರಿ ರಾಸಾಯನಿಕಗಳಿಗೆ ಇಂಥ ಪತ್ರ ಬೇಕೆಂದು ನಮ್ಮ 1989ರ ನಿಯಮಗಳೇ ಹೇಳುತ್ತವೆ. ಎರಡನೆಯದು ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ. ಬೆಂಜೀನ್ ವಿಷಬಾಧೆ ಅಧಿಸೂಚಿತ ಔದ್ಯೋಗಿಕ ಕಾಯಿಲೆ; ಅದನ್ನು ಕಂಡ ವೈದ್ಯರೂ ತಿಳಿಸಲೇಬೇಕು. ತಜ್ಞರ ಸಲಹೆಗೆ ದೂರ ಹೋಗಬೇಕಿಲ್ಲ: ಐಸಿಎಂಆರ್‌ನ ದಕ್ಷಿಣ ವಲಯದ ಔದ್ಯೋಗಿಕ ಆರೋಗ್ಯ ಕೇಂದ್ರ ಇರುವುದು ದೇವನಹಳ್ಳಿ ತಾಲ್ಲೂಕಿನಲ್ಲೇ, ವಿಮಾನ ನಿಲ್ದಾಣದ ಪಕ್ಕ.

ಕೊನೆಯ ಪ್ರತಿ ಶೆಡ್ಡಿನ ಗೋಡೆಗೆ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಅಲ್ಲಿ ಹಿಂದಿ ಮಾತಾಡುವ ಕೆಲಸಗಾರರಿದ್ದರೆ ಹಿಂದಿಯಲ್ಲೂ. ಬ್ಯಾಚ್ ಬದಲಾದ ದಿನ ಅದನ್ನು ಕಿತ್ತು, ಹೊಸ ಸ್ಯಾಂಪಲ್ಲಿನ ಅಂಕಿ ಬರೆದು ಮತ್ತೆ ಅಂಟಿಸಬೇಕು.